ಪದ್ಮಯ್ಯನ ಗಂಟಲಿಗೆ ಕಟ್ಟಿದ ಬೆಲೆ

ಚನ್ನರಾಯಪಟ್ಟಣದ ಕಾಯಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ ಪದ್ಮಯ್ಯನ ದನಿ, ಗಾಳಿ ಅನುಕೂಲವಾಗಿದ್ದರೆ, ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರಿಗೂ ಕೇಳುತ್ತಿತ್ತು. ಆಳು ನೋಡಿದರೆ ಸಣಕಲು. ಉಂಡದ್ದೆಲ್ಲ ಗಂಟಲಿಗೇ ಹೋಗುತ್ತದೆ ಎಂದು ಊರವರು ಹಾಸ್ಯ ಮಾಡುತ್ತಿದ್ದರು. ಮಂಡಿ ಅವನ ಸೋದರಮಾವನದು. ಬೆಳಗೊಳದ ಕಡೆಯಿಂದ ಬಂದ ಜೈನರ ಮನೆತನ. ಮಾವ ಗಲ್ಲಾಪೆಟ್ಟಿಗೆಯ ಹಿಂದೆ ಕೂತರೆ ಪದ್ಮಯ್ಯ ಕಾಯಿರಾಶಿಯ ಮುಂದೆ ನಿಲ್ಲುತ್ತಿದ್ದ. ರಾಶಿಯಿಂದ ಒಂದು ಕಾಯಿ ಎತ್ತಿ, ಉಗುರಿನಿಂದ ತಟ್ಟಿ, ಕಿವಿಗೆ ಹಿಡಿದು, ಬೆಲೆ ಕೂಗಿಬಿಡುತ್ತಿದ್ದ. "ಒಂದು ಸಲ, ಎರಡು ಸಲ" ಎಂದು ಅವನು ಎಳೆದರೆ, ಕೊಳ್ಳುವ ಮನಸ್ಸಿಲ್ಲದವನ ಕೈಯೂ ತಾನಾಗಿ ಮೇಲೇಳುತ್ತಿತ್ತು.

ದಿನವೆಲ್ಲ ಬೆಲೆ ಕೂಗಿ ಕೂಗಿ ಅವನಿಗೆ ಕಂಡದ್ದಕ್ಕೆಲ್ಲ ಬೆಲೆ ಕಟ್ಟುವ ಚಾಳಿ ಹತ್ತಿಕೊಂಡಿತ್ತು. ಮದುವೆ ಮನೆಗೆ ಹೋದರೆ ಚಪ್ಪರಕ್ಕೆ ಎಷ್ಟು ಬಿದ್ದಿರಬಹುದೆಂದು ನೋಡುವನು. ಎತ್ತಿನ ಜೋಡಿ ಎದುರಾದರೆ ಅದರ ಬೆಲೆ ಬಾಯಲ್ಲಿ ಬಂದುಬಿಡುವುದು. ಇದರಲ್ಲಿ ಕೆಟ್ಟ ಬುದ್ಧಿಯೇನೂ ಇರಲಿಲ್ಲ. ಕಮ್ಮಾರನಿಗೆ ಕಬ್ಬಿಣ ಕಂಡ ಹಾಗೆ ಅವನಿಗೆ ಬೆಲೆ ಕಾಣುತ್ತಿತ್ತು, ಅಷ್ಟೇ.

ಮೂವತ್ತಮೂರನೆಯ ಇಸವಿಯ ಸುಮಾರಿಗೆ ಊರಿಗೆ ಒಬ್ಬ ಡ್ರಿಲ್ ಮೇಷ್ಟರು ವರ್ಗವಾಗಿ ಬಂದರು. ಅವರ ಟ್ರಂಕಿನಲ್ಲಿ ಒಂದು ಚರ್ಮದ ಚೆಂಡಿತ್ತು. ಕೆರೆಯ ಕೆಳಗಿನ ಬಯಲಿನಲ್ಲಿ ನಾಲ್ಕು ಗಳ ನೆಟ್ಟು ಹುಡುಗರಿಗೆ ಪುಟ್ಬಾಲು ಕಲಿಸಿದರು. ಒಂದು ಸಂಜೆ ದಾರಿಯಲ್ಲಿ ಹೋಗುತ್ತಿದ್ದ ಪದ್ಮಯ್ಯ ಸುಮ್ಮನೆ ನಿಂತು ನೋಡಿದ. ಮಾರನೆಯ ದಿನ ನೋಡುವುದಕ್ಕೆಂದೇ ಬಂದ. ಆಮೇಲೆ ಆ ಬಯಲಿನಲ್ಲಿ ಆಟವಿದ್ದು ಪದ್ಮಯ್ಯ ಇಲ್ಲದ ದಿನ ಯಾರ ನೆನಪಿನಲ್ಲೂ ಉಳಿದಿಲ್ಲ.

ಆದರೆ ಅವನು ಚೆಂಡನ್ನು ಒಮ್ಮೆಯೂ ಮುಟ್ಟಲಿಲ್ಲ. ಅವರ ಮನೆಯಲ್ಲಿ ಚರ್ಮ ಮುಟ್ಟುವ ರೂಢಿಯಿರಲಿಲ್ಲ. ಅವನು ಕಾಲಿಗೆ ಹಾಕುತ್ತಿದ್ದದ್ದೂ ಮರದ ಹಾವುಗೆಯೇ. ಚೆಂಡು ಗೆರೆ ದಾಟಿ ಅವನತ್ತ ಉರುಳಿಬಂದರೆ ಪಂಚೆ ಎತ್ತಿಕೊಂಡು ಹಿಂದಕ್ಕೆ ನೆಗೆಯುತ್ತಿದ್ದ. ಹುಡುಗರು ಬೇಕೆಂದೇ ಅವನ ಕಡೆಗೆ ಒದ್ದು ನಗುತ್ತಿದ್ದರು. ಅವನೂ ನಗುತ್ತಿದ್ದ.

ಇನ್ನೊಂದು ಪೇಚು ಊಟದ್ದು. ಹೊತ್ತು ಮುಳುಗಿದ ಮೇಲೆ ಅವರ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಆಟ ಮುಗಿಯುವುದೋ ಸೂರ್ಯ ಮುಳುಗುವ ಹೊತ್ತಿಗೇ. ಆಟ ಅಥವಾ ಊಟ, ಎರಡರಲ್ಲಿ ಒಂದನ್ನು ಅವನು ಬಿಡಬೇಕಿತ್ತು. ಅವನು ಊಟ ಬಿಟ್ಟ. ಹೆಂಡತಿ ಚಕ್ರೇಶ್ವರಿ ಬಾಗಿಲಲ್ಲಿ ನಿಂತು ಪಡುವಣವನ್ನು ನೋಡಿ, ಕೆಂಪು ಆರಿದ ಮೇಲೆ ಪಾತ್ರೆಗಳನ್ನು ಮುಚ್ಚಿಡುತ್ತಿದ್ದಳು.

"ಪರ್ವದ ದಿನ ಉಪವಾಸ ಮಾಡಿ ಅಂದ್ರೆ ತಲೆ ಸುತ್ತುತ್ತೆ ಅಂತೀರಿ. ಚೆಂಡಿಗಾದ್ರೆ ವಾರಕ್ಕೆರಡು ಉಪವಾಸ," ಎನ್ನುತ್ತಿದ್ದಳು ಅವಳು. "ಯಾವ ಗತಿಗೆ ಹೋಗ್ತೀರೋ, ಆ ಚೆಂಡನ್ನೇ ಕೇಳ್ಬೇಕು."

ಆಟ ನೋಡುವಾಗ ಪದ್ಮಯ್ಯನ ಜೊತೆಗಾರ ಚನ್ನಪ್ಪ. ಹಳ್ಳಿಮೈಸೂರಿನ ಕಡೆಯಿಂದ ಬಂದು ಊರಾಚೆ ತೋಟ ಮಾಡಿಕೊಂಡಿದ್ದ ಒಕ್ಕಲಿಗ, ನಿಧಾನದ ಮನುಷ್ಯ. ಪದ್ಮಯ್ಯ ನಿಂತು ಕೂಗಿದರೆ ಚನ್ನಪ್ಪ ಕೂತು ಎಲೆಯಡಿಕೆ ಜಗಿಯುತ್ತಿದ್ದ. ಪದ್ಮಯ್ಯನ ಕೂಗಿಗೆ ತನ್ನವರು ಪರರು ಎಂಬ ಭೇದವಿರಲಿಲ್ಲ. ಅರಕಲಗೂಡಿನ ತಂಡದವನೊಬ್ಬ ಚೆಂದವಾಗಿ ಮೂವರನ್ನು ತಪ್ಪಿಸಿಕೊಂಡು ಹೋದರೆ, "ಭೇಷ್ ಮಗನೇ, ಎಂಥಾ ಕಾಲು ಕೊಟ್ಟಿದ್ದಾಳಪ್ಪ ನಿಮ್ಮವ್ವ," ಎಂದು ಬಯಲು ತುಂಬುವ ಹಾಗೆ ಕೂಗುತ್ತಿದ್ದ. ತನ್ನೂರಿನವರು ಕಣ್ಣು ಕೆಂಪಗೆ ಮಾಡಿದರೂ ಅವನಿಗೆ ಅದು ತಿಳಿಯುತ್ತಿರಲಿಲ್ಲ.

ಯುದ್ಧ ಶುರುವಾದ ಮೇಲೆ ಊರ ತಂಡ ಬಸ್ಸಿನ ರಂಗಸ್ವಾಮಿಯ ಕೈಗೆ ಬಂತು. ಅವನಿಗೆ ಹಾಸನದ ದಾರಿಯಲ್ಲಿ ಓಡುವ ಎರಡು ಬಸ್ಸುಗಳಿದ್ದವು. ಜಮೀನು ದಂಡಿಯಾಗಿತ್ತು. ಹಾಸನದಲ್ಲಿ ದಸರೆಯ ಸುಮಾರಿಗೆ ನಡೆಯುವ ಪಂದ್ಯದಲ್ಲಿ ಬೆಳ್ಳಿ ಶೀಲ್ಡು ಗೆಲ್ಲಬೇಕೆಂಬ ಹುಚ್ಚು ಅವನಿಗೆ ಹಿಡಿಯಿತು. ಬೆಂಗಳೂರಿನ ಗಿರಣಿಯೊಂದರ ತಂಡದಲ್ಲಿ ಗೋಲು ಕಾಯುತ್ತಿದ್ದ ಪಾಲಾಕ್ಷ ಎಂಬ ಮೈಸೂರಿನ ಯುವಕನನ್ನು ಕರೆತಂದ. ಹೆಸರಿಗೆ ಬಸ್ಸಿನ ಚೆಕಿಂಗ್ ಇನ್ಸ್‌ಪೆಕ್ಟರ್, ಕೆಲಸ ಗೋಲಿನ ಮುಂದೆ. ಉದ್ದನೆಯ ಕೈ, ಮುಖದ ಮೇಲೆ ಸಿಡುಬಿನ ಕಲೆ, ಮಾತು ಕಡಿಮೆ.

ಅವನ ಸಂಬಳ ಎಷ್ಟೆಂಬುದನ್ನು ಬಸ್ಸಿನ ಏಜೆಂಟ್ ಗಂಗಾಧರಯ್ಯ ಕಾಫಿ ಕುಡಿಯುತ್ತ ಬಾಯಿಬಿಟ್ಟ. ತಿಂಗಳಿಗೆ ನಲವತ್ತು ರೂಪಾಯಿ. ಮಿಡ್ಲ್ ಸ್ಕೂಲಿನ ಮೇಷ್ಟರಿಗೆ ಇಪ್ಪತ್ತರ ಮೇಲೆ ಚಿಲ್ಲರೆ ಸಿಗುತ್ತಿದ್ದ ಕಾಲ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಪಾಲಾಕ್ಷನ ಮೊದಲ ಆಟದ ದಿನ ಬಯಲು ತುಂಬಿತ್ತು. ಅವನು ಒಳ್ಳೆಯ ಚೆಂಡುಗಳನ್ನೇ ತಡೆದ. ಆದರೆ ಕಡೆಗೆ ಒಂದು ಸುಲಭದ ಚೆಂಡು ಅವನ ಕಾಲಸಂದಿಯಲ್ಲಿ ನುಸುಳಿಹೋಯಿತು. ಜನ ಬಾಯಿ ತೆರೆಯುವ ಮೊದಲೇ ಪದ್ಮಯ್ಯನ ಹರಾಜಿನ ದನಿ ಎದ್ದಿತು.

"ನಲವತ್ತು ರೂಪಾಯಿ, ಒಂದು ಸಲ. ನಲವತ್ತು ರೂಪಾಯಿ, ಎರಡು ಸಲ."

ಬಯಲಿಗೆ ಬಯಲೇ ನಕ್ಕಿತು. ಅಂದಿನಿಂದ ಪಾಲಾಕ್ಷನ ಹೆಸರು ನಲವತ್ತು ಎಂದಾಯಿತು. ಬಸ್ಸಿನಲ್ಲಿ ಟಿಕೇಟು ನೋಡಲು ಬಂದರೂ ಹಿಂದಿನ ಸೀಟಿನಿಂದ ಯಾರಾದರೂ "ನಲವತ್ತು ಬಂತು" ಎನ್ನುತ್ತಿದ್ದರು. ಆಟದಲ್ಲಿ ಅವನು ಎಗರಿ ಚೆಂಡು ಹಿಡಿದರೆ ಪದ್ಮಯ್ಯ, "ಇವತ್ತಿನ ಕೂಲಿ ಗಿಟ್ಟಿತು," ಎನ್ನುವನು. ಬಿಟ್ಟರೆ, "ಹಿಡ್ಕೊಳ್ಳಿ ಸ್ವಾಮಿ ಸಂಬಳದಲ್ಲಿ," ಎನ್ನುವನು. ಕುಲುಮೆಯ ಕೆಲಸ ಬಿಟ್ಟು ಬಂದು ಬಿಟ್ಟಿಯಾಗಿ ಆಡುತ್ತಿದ್ದ ಊರ ಹುಡುಗ ಅದೇ ತಪ್ಪು ಮಾಡಿದರೆ, "ಪಾಪ, ದಣಿದಿದ್ದಾನೆ," ಎನ್ನುವನು.

ಚನ್ನಪ್ಪನಿಗೆ ಇದು ಸರಿಬರಲಿಲ್ಲ. "ಅಲ್ಲ ಕಣ್ ಪದ್ಮಯ್ಯ, ಅವನ್ ಸಂಬಳ ಏನ್ ನಿನ್ ಮಡ್ಲಿಂದ ಓಯ್ತದಾ?" ಎಂದು ಒಂದು ದಿನ ಕೇಳಿದ.

"ನಾನು ಹಾಸನಕ್ಕೆ ಹೋಗೋವಾಗ ಟಿಕೇಟು ತಗೊಳ್ಳಲ್ವಾ? ಆ ದುಡ್ಡೇ ತಾನೇ ಅದು."

"ಅಂಗಾರೆ ಡ್ರೈವರ್‌ಗೂ ಕೂಗು. ಓದ್ ವಾರ ಗುಂಡಿಗ್ ಇಳಿಸ್ದ, ನನ್ ಸೊಂಟ ಇನ್ನೂ ಸರ್ಯಾಗಿಲ್ಲ."

ಪದ್ಮಯ್ಯ ನಕ್ಕುಬಿಟ್ಟ. ಒಳ್ಳೆ ಬೆಲೆಯ ಕಾಯಿ ಒಡೆದರೆ ಒಳಗೆ ಒಳ್ಳೆ ಕೊಬ್ಬರಿಯೇ ಇರಬೇಕು. ಇದು ಅವನ ಮಟ್ಟಿಗೆ ವಾದ ಮಾಡುವಂಥ ವಿಷಯವೇ ಆಗಿರಲಿಲ್ಲ.

ನಲವತ್ತನಾಲ್ಕನೆಯ ಇಸವಿಯ ದಸರೆ ಹತ್ತಿರ ಬಂತು. ಪೆಟ್ರೋಲಿಗೆ ಬರ ಬಂದು, ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಹೊಗೆಯುಗುಳುತ್ತ ಓಡುತ್ತಿದ್ದವು. ತಂಡ ಆ ವರ್ಷ ಚೆನ್ನಾಗಿತ್ತು. ರಂಗಸ್ವಾಮಿ ಶೀಲ್ಡು ಈ ಸಲ ಬಂದೇ ಬರುತ್ತದೆ ಎಂದುಕೊಂಡಿದ್ದ. ಒಂದು ಬೆಳಗ್ಗೆ ಬಸ್‌ಸ್ಟಾಂಡಿನಲ್ಲಿ ಪದ್ಮಯ್ಯನನ್ನು ಕರೆದ.

"ನೋಡು ಪದ್ಮಯ್ಯ, ಆಸನದ್ ಮೈದಾನದಲ್ಲಿ ನಮ್ ಕಡೆ ಕೂಗೋರಿಲ್ಲ. ಅಲ್ಲಿ ಗಂಟ್ಲಿರೋರೆಲ್ಲ ಅವರ ಕಡೆಯೋರೇ. ನೀನು ಬಾ. ಬಸ್ಸಲ್ಲಿ ಮುಂದಿನ್ ಸೀಟು. ಒಂದ್ ಮ್ಯಾಚಿಗೆ ಒಂದು ರುಪಾಯಿ ಕೊಡ್ತೀನಿ."

ಪದ್ಮಯ್ಯನಿಗೆ ಎದೆಯುಬ್ಬಿತು. ಮಂಡಿಯಲ್ಲಿ ಕೂಗಿದ್ದು ಕಾಯಿಯ ಬೆಲೆಯಾಯಿತು. ತನ್ನ ಗಂಟಲಿಗೇ ಒಬ್ಬರು ಬೆಲೆ ಕೂಗಿದ್ದು ಇದೇ ಮೊದಲು. ಸುತ್ತ ನಿಂತವರ ಎದುರಿಗೇ ಒಪ್ಪಿದ. ಮನೆಗೆ ಬಂದು ಹೆಂಡತಿಗೆ ಹೇಳಿದ.

"ಕೂಗೋದಕ್ಕೆ ದುಡ್ಡು ಕೊಡ್ತಾರಂತಾ?" ಎಂದಳು ಚಕ್ರೇಶ್ವರಿ, ಮೊರದಿಂದ ತಲೆಯೆತ್ತದೆ. "ಕೂಗದೆ ಇರೋದಾದ್ರೆ ನಾನು ಎರಡು ಕೊಡ್ತಿದ್ದೆ."

ಮೊದಲ ಪಂದ್ಯ ಅರಕಲಗೂಡಿನ ಮೇಲೆ. ಹಾಸನದ ಮೈದಾನದ ಒಂದು ಬದಿಯಲ್ಲಿ ಚನ್ನರಾಯಪಟ್ಟಣದವರು ಗುಂಪಾಗಿ ನಿಂತಿದ್ದರು. ಪದ್ಮಯ್ಯ ತಲೆಗೆ ಹೊಸ ರುಮಾಲು ಸುತ್ತಿ ಮುಂದೆ ನಿಂತ. ಶುರುವಿನಲ್ಲಿ ಒಂದೆರಡು ಸಲ ಚೆನ್ನಾಗಿಯೇ ಕೂಗಿದ. ಆಮೇಲೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ. ಹಿಂದಿನಿಂದ ತನ್ನೂರಿನವನೇ ಒಬ್ಬ ಕೇಳಿದ:

"ಯಾಕ್ ಪದ್ಮಯ್ಯ, ಒಂದ್ರುಪಾಯಿಗೆ ಇಷ್ಟೇನಾ?"

ಗುಂಪು ನಕ್ಕಿತು. ಪದ್ಮಯ್ಯ ಮತ್ತೆ ಕೂಗಿದ. ಆ ಕಡೆಯಿಂದ ಅರಕಲಗೂಡಿನವರು, "ಕೂಲಿ ಗಂಟ್ಲು ಕಣ್ಲಾ ಅದು, ಎದ್ರುಕೋಬೇಡಿ," ಎಂದರು. ಮತ್ತೆ ನಗು.

ಆಮೇಲೆ ಅವನಿಗೆ ಏನೋ ಆಯಿತು. ಇಷ್ಟು ಸಾಕೋ ಇನ್ನೂ ಕೂಗಬೇಕೋ ಎಂದು ಪ್ರತಿ ಸಲವೂ ಯೋಚನೆ ಬರತೊಡಗಿತು. ಮೊದಲು ಚೆಂಡು ಓಡಿದರೆ ದನಿ ಅದರ ಹಿಂದೆಯೇ ಓಡುತ್ತಿತ್ತು. ಈಗ ಚೆಂಡು ಒಂದು ಕಡೆ, ಮನಸ್ಸು ಒಂದು ಕಡೆ. ಅರಕಲಗೂಡಿನ ಕಡೆಯ ಎಳೆಯ ಹುಡುಗನೊಬ್ಬ ಮೈದಾನದ ಅಂಚಿನಲ್ಲಿ ಚೆಂಡನ್ನು ಕಾಲಿಗೆ ಅಂಟಿಸಿಕೊಂಡವನಂತೆ ಓಡಿಬಂದು, ಮೈ ಬಾಗಿಸಿ, ಇಬ್ಬರನ್ನು ದಾಟಿ ಹೋದ. ಪದ್ಮಯ್ಯನ ಬಾಯಿಗೆ "ಭೇಷ್" ಬಂತು. ಪಕ್ಕದಲ್ಲಿ ಗಂಗಾಧರಯ್ಯ ನಿಂತಿದ್ದ. ರಂಗಸ್ವಾಮಿ ಕುರ್ಚಿಯ ಮೇಲೆ ಕೂತು ಇತ್ತಲೇ ನೋಡುತ್ತಿದ್ದ. ಪದ್ಮಯ್ಯ ಆ ಮಾತನ್ನು ನುಂಗಿದ. ಅಷ್ಟು ಚೆಂದದ ಆಟವನ್ನು ಕಣ್ಣಾರೆ ಕಂಡು ಬಾಯಿ ಮುಚ್ಚಿಕೊಂಡಿದ್ದು ಅವನ ಜನ್ಮದಲ್ಲಿ ಅದೇ ಮೊದಲು.

ಚನ್ನರಾಯಪಟ್ಟಣ ಒಂದು ಗೋಲಿನಿಂದ ಗೆದ್ದಿತು. ಪಾಲಾಕ್ಷ ಎರಡು ಸಲ ನೆಲಕ್ಕೆ ಬಿದ್ದು ತಡೆದಿದ್ದ. ಗಂಗಾಧರಯ್ಯ ಎಲ್ಲರ ಮುಂದೆ ಪದ್ಮಯ್ಯನ ಕೈಗೆ ಒಂದು ರೂಪಾಯಿ ಇಟ್ಟು, "ಧಣಿ ಇನ್ನೂ ಜೋರಾಗ್ ಕೂಗ್ಬೇಕಿತ್ತು ಅಂದ್ರು," ಎಂದ.

ಹಿಂದಿರುಗುವಾಗ ಶಾಂತಿಗ್ರಾಮದ ಹತ್ತಿರ ಬಸ್ಸು ನಿಂತಿತು. ಒಲೆಗೆ ಇದ್ದಿಲು ತುಂಬಿ, ಗಾಳಿಚಕ್ರ ತಿರುಗಿಸಿ ಉರಿ ಎಬ್ಬಿಸಬೇಕಿತ್ತು. ಹೊತ್ತು ಆಗಷ್ಟೇ ಮುಳುಗಿತ್ತು. ಪದ್ಮಯ್ಯ ಇಳಿದು ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕೂತ. ಪಾಲಾಕ್ಷ ಬಂದು ಪಕ್ಕದಲ್ಲಿ ನಿಂತ. ಮೊಣಕೈ ತರಚಿ ರಕ್ತ ಒಣಗಿತ್ತು. ಕೈಯಲ್ಲಿ ಹುರಿದ ಕಡಲೇಕಾಯಿಯ ಪೊಟ್ಟಣವಿತ್ತು. ಪದ್ಮಯ್ಯನ ಮುಂದೆ ಹಿಡಿದ.

"ಹೊತ್ತು ಮುಳುಗಿದೆ, ನಾವು ತಿನ್ನೋ ಹಾಗಿಲ್ಲ," ಎಂದ ಪದ್ಮಯ್ಯ.

"ಹಂಗಾದ್ರೆ ನನಗೇ ಇರಲಿ," ಎಂದು ಪಾಲಾಕ್ಷ ಸುಲಿದು ತಿನ್ನತೊಡಗಿದ. ನಗು ತಡೆದುಕೊಂಡು ಕೇಳಿದ: "ಸಾ, ಈಗ ನಿಮ್ಮನ್ನ ಒಂದ್ರುಪಾಯಿ ಅಂತಾರಂತೆ, ಹೌದಾ?"

ಪದ್ಮಯ್ಯನಿಗೂ ನಗು ಬಂತು. ಆಮೇಲೆ ನಗು ನಿಂತಿತು. "ನಾನು ನಲವತ್ತು ಅಂತ ಕೂಗಿದಾಗ ನಿಂಗೆ ಹೆಂಗಾಗ್ತಿತ್ತು ಪಾಲಾಕ್ಷ?"

ಪಾಲಾಕ್ಷ ಸಿಪ್ಪೆ ಎಸೆದ. "ಮೊದಮೊದ್ಲು ಕೋಪ ಬರೋದು. ನಾನೇನ್ ಸಾ, ಸಂಬಳ ನಿಗದಿ ಮಾಡ್ದೋನಾ? ಧಣಿ ಕರೆದ್ರು, ಇಷ್ಟು ಕೊಡ್ತೀನಿ ಅಂದ್ರು. ಬೇಡ ಅನ್ನೋಕೆ ನಾನೇನ್ ಸನ್ಯಾಸಿನಾ? ಮೈಸೂರಲ್ಲಿ ನಮ್ಮವ್ವ ಇದ್ದಾಳೆ, ತಂಗಿ ಇದ್ದಾಳೆ, ತಗೊಂಡೆ."

"ಅಷ್ಟು ತಗೊಂಡ್ಮೇಲೆ ಅಷ್ಟು ಆಡ್ಬೇಕಲ್ಲಪ್ಪ."

"ಅದೇ ಸಾ ನಂಗೆ ತಿಳೀದೆ ಇರೋದು. ಹೋದ ತಿಂಗ್ಳು ಧಣಿ ಐದು ರುಪಾಯಿ ಜಾಸ್ತಿ ಮಾಡಿದ್ರು. ಯಾರ್ಗೂ ಹೇಳ್ಬೇಡಿ ಮತ್ತೆ. ಜಾಸ್ತಿ ಆಯ್ತು ಅಂತ ನಾನು ಒಂದು ಗೇಣು ಮೇಲಕ್ಕೆ ಎಗರಕ್ಕಾಯ್ತಾ? ಚೆಂಡು ಬತ್ತಾ ಇರೋವಾಗ ಚೆಂಡೇ ಕಾಣೋದು. ಸಂಬಳ ಎಷ್ಟು ಅಂತ ಮೈಗೆ ಗೊತ್ತಾಗಲ್ಲ. ಬಿಟ್ರೆ ಬೇಜಾರಾಗ್ತದೆ. ಬೆಂಗಳೂರಲ್ಲಿ ಹದಿನೈದು ತಗೊಂಡು ಬಿಟ್ಟಾಗ್ಲೂ ಇಷ್ಟೇ ಬೇಜಾರಾಗ್ತಿತ್ತು."

ನಲವತ್ತೈದು ಎಂದು ಕೇಳಿದ ಕೂಡಲೇ ಪದ್ಮಯ್ಯನ ನಾಲಿಗೆ ತುರಿಸಿತು. ಹಳೆಯ ಚಾಳಿ ಅಷ್ಟು ಬೇಗ ಬಿಡುತ್ತದೆಯೇ. ನಾಳೆ ಮಂಡಿಯಲ್ಲಿ ಇದನ್ನು ಹೇಳಿದರೆ ಜನ ಎಷ್ಟು ಬೆರಗಾಗುತ್ತಾರೆ ಎಂದು ಒಂದು ಗಳಿಗೆ ಅನ್ನಿಸಿಯೂಬಿಟ್ಟಿತು. ಬೆನ್ನಿಗೇ ಜೇಬಿನಲ್ಲಿದ್ದ ಒಂದು ರೂಪಾಯಿ ನೆನಪಾಯಿತು. ಬಸ್ಸಿನ ಹಾರನ್ ಕೂಗಿತು. ಇಬ್ಬರೂ ಎದ್ದು ಹೋಗಿ ಕೂತರು. ಆ ಮಾತನ್ನು ಪದ್ಮಯ್ಯ ಕಡೆಯವರೆಗೂ ಯಾರಿಗೂ ಹೇಳಲಿಲ್ಲ. ಅವನನ್ನು ಬಲ್ಲವರಿಗೆ ಇದೊಂದು ಸಣ್ಣ ತಪಸ್ಸೇ ಎಂದು ಗೊತ್ತಾಗುತ್ತದೆ.

ಇನ್ನು ಉಳಿದದ್ದು ಕಡೆಯ ಪಂದ್ಯವೊಂದೇ, ಹೊಳೆನರಸೀಪುರದ ಮೇಲೆ. ಅಂದು ಬೆಳಗ್ಗೆ ಬಸ್‌ಸ್ಟಾಂಡಿನಲ್ಲಿ ಪದ್ಮಯ್ಯ ರಂಗಸ್ವಾಮಿಯ ಮುಂದೆ ನಿಂತು ಆ ರೂಪಾಯಿಯನ್ನು ಹಿಂದಕ್ಕೆ ಚಾಚಿದ.

"ಯಾಕಯ್ಯ?" ಎಂದ ರಂಗಸ್ವಾಮಿ.

"ಗಂಟ್ಲು ಸರಿಯಾಗಿಲ್ಲ, ಧಣಿ."

ರಂಗಸ್ವಾಮಿ ವ್ಯಾಪಾರ ಬಲ್ಲವನು. ಇದು ಚೌಕಾಸಿ ಎಂದುಕೊಂಡ. "ಆಯ್ತು, ಎರಡು ರುಪಾಯಿ ಮಾಡ್ತೀನಿ ಬಾ."

"ಅಯ್ಯೋ, ಅದಕ್ಕಲ್ಲ. ದುಡ್ಡು ತಗೊಂಡ್ರೆ ದನಿ ಬರಲ್ಲ ನಂಗೆ. ಬಿಟ್ಟಿಯಾದ್ರೆ ಬರುತ್ತೆ."

"ಎಲ್ಲಾರ್ಗೂ ದುಡ್ ಕೊಟ್ರೆ ಬತ್ತದೆ, ನಿನಗೆ ಕೊಟ್ರೆ ಓಯ್ತದಾ? ನಿನ್ ತಲೆ ಕೆಟ್ಟದೆ," ಎಂದು ರಂಗಸ್ವಾಮಿ ರೂಪಾಯಿಯನ್ನು ಜೇಬಿಗೆ ಹಾಕಿಕೊಂಡ. ಅವನಿಗೆ ಬೇಸರವಾಗಿತ್ತು. ಮುಂದಿನ ಸೀಟನ್ನು ಬೇರೆಯವರಿಗೆ ಕೊಡಿಸಿದ. ಪದ್ಮಯ್ಯ ಟಿಕೇಟು ಕೊಂಡು ಹಿಂದೆ, ಒಲೆಯ ಹೊಗೆ ಬಡಿಯುವ ಕಡೆ, ಚನ್ನಪ್ಪನ ಪಕ್ಕದಲ್ಲಿ ಕೂತ.

ಮಧ್ಯಾಹ್ನ ಹಾಸನದಲ್ಲಿ ಒಂದು ಮಳೆ ಬಿದ್ದಿತ್ತು. ಚರ್ಮದ ಚೆಂಡು ನೀರು ಕುಡಿದು ಗುಂಡುಕಲ್ಲಿನ ಹಾಗಾಗಿತ್ತು. ಎರಡು ಕಡೆಯೂ ಗೋಲಿಲ್ಲದೆ ಆಟ ಬಹಳ ಹೊತ್ತು ನಡೆಯಿತು. ಇನ್ನೇನು ಮುಗಿಯಬೇಕು, ಹೊಳೆನರಸೀಪುರದವನೊಬ್ಬ ದೂರದಿಂದ ಬೀಸಿ ಒದ್ದ. ಪಾಲಾಕ್ಷ ಸರಿಯಾದ ಜಾಗದಲ್ಲೇ ನಿಂತಿದ್ದ. ಚೆಂಡು ಅವನ ಎರಡು ಕೈಗಳ ನಡುವೆ ಬಂದು, ಜಾರಿ, ಎದೆಗೆ ತಗುಲಿ, ಒಳಕ್ಕೆ ಉರುಳಿತು.

ಚನ್ನರಾಯಪಟ್ಟಣದ ಗುಂಪಿನವರೆಲ್ಲ ಒಬ್ಬೊಬ್ಬರಾಗಿ ಪದ್ಮಯ್ಯನತ್ತ ತಿರುಗಿದರು. ಅವನ ಬಾಯಿಂದ ಏನು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಗೋಲಿನ ಮುಂದೆ ಮಂಡಿಯೂರಿದ್ದ ಪಾಲಾಕ್ಷನಿಗೂ ಗೊತ್ತಿತ್ತು. ಅವನು ತಲೆ ತಗ್ಗಿಸಿಕೊಂಡಿದ್ದ.

ಪದ್ಮಯ್ಯನಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ಶೀಲ್ಡು ಕೈಗೆ ಬಂದು ಹೋಗಿತ್ತು. ನಾಲಿಗೆಯ ತುದಿಗೆ ನಲವತ್ತಲ್ಲ, ನಲವತ್ತೈದೇ ಬಂದು ಕೂತಿತ್ತು. ಅದನ್ನು ಹಿಂದಕ್ಕೆ ತಳ್ಳಿದ. ಆದರೂ ಸಿಟ್ಟು ಹೊರಗೆ ಬರಲೇಬೇಕಿತ್ತು.

"ಪಾಲಾಕ್ಷ," ಎಂದು ಮೈದಾನಕ್ಕೆಲ್ಲ ಕೇಳುವ ಹಾಗೆ ಕೂಗಿದ. "ಎಂಥಾ ಹಿಡಿತವಪ್ಪ ಅದು. ಹೆಬ್ಬೆರಳು ಎರಡೂ ಕೂಡಿಸ್ಬಾರ್ದಾ? ಒದ್ದೆ ಚೆಂಡನ್ನ ಎದೆಗೆ ಅವಚಿಕೊಳ್ಳೋದು ಬಿಟ್ಟು ಬಾಳೇಹಣ್ಣು ಇಸ್ಕೊಳ್ಳೋ ಹಾಗೆ ಕೈ ಚಾಚ್ತೀಯಲ್ಲ."

ಪಾಲಾಕ್ಷ ತಲೆಯೆತ್ತಿದ. ಇಷ್ಟು ವರ್ಷ ಈ ದನಿಗೆ ಒಮ್ಮೆಯೂ ಎದುರು ಮಾತಾಡದವನು ಎದ್ದು ನಿಂತು ಅಲ್ಲಿಂದಲೇ ಕೂಗಿದ:

"ಕೂಡಿಸಿದ್ದೆ ಸಾ. ಜಾರ್ತು. ಬಂದು ನೀವೇ ಹಿಡಿದು ನೋಡಿ."

"ನಾನು ಚರ್ಮ ಮುಟ್ಟಲ್ಲ ಕಣಯ್ಯ."

ಸೋತ ದುಃಖದಲ್ಲೂ ಜನ ನಕ್ಕರು. ಹೊಳೆನರಸೀಪುರದವರೂ ನಕ್ಕರು. ಅದೇ ಉಸಿರಿನಲ್ಲಿ ಪದ್ಮಯ್ಯ ಆ ಕಡೆ ತಿರುಗಿ, ಗೋಲು ಹೊಡೆದವನಿಗೆ, "ಅಲ್ಲಿಂದ ಒದ್ದೆಯಲ್ಲಪ್ಪ, ಭೇಷ್, ಕಾಲು ಅಂದ್ರೆ ಅದು," ಎಂದುಬಿಟ್ಟ. ರಂಗಸ್ವಾಮಿ ಕುರ್ಚಿಯಿಂದ ಎದ್ದು ಹೊರಟುಹೋದ. ಚನ್ನಪ್ಪ ಪದ್ಮಯ್ಯನ ರುಮಾಲಿನ ತುದಿ ಹಿಡಿದು ಜಗ್ಗಿ, "ಸುಮ್ನಿರು, ಬಸ್ಸಲ್ಲಿ ಆಕ್ಕೊಳ್ದೆ ಇಲ್ಲೇ ಬುಟ್ಬುಟ್ಟಾನು," ಎಂದ.

ಬಿಟ್ಟು ಹೋಗಲಿಲ್ಲ. ಆದರೆ ರಂಗಸ್ವಾಮಿ ಒಂದು ವರ್ಷ ಪದ್ಮಯ್ಯನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಊರವರು ಪಾಲಾಕ್ಷನನ್ನು ನಲವತ್ತು ಎನ್ನುವುದನ್ನು ಪೂರ್ತಿ ಬಿಡಲಿಲ್ಲ. ಅಂಟಿದ ಹೆಸರು ಬಿಡುವುದು ಸುಲಭವಲ್ಲ. ಪದ್ಮಯ್ಯ ಮಾತ್ರ ಮತ್ತೆ ಹಾಗೆ ಕರೆಯಲಿಲ್ಲ. ಬೈಯುವುದನ್ನೇನೂ ಕಡಿಮೆ ಮಾಡಲಿಲ್ಲ. ಕೈ ಇಟ್ಟ ರೀತಿ, ನಿಂತ ಜಾಗ, ತಡವಾಗಿ ಎಗರಿದ್ದು, ಒಂದೊಂದನ್ನೂ ಹಿಡಿದು ಬೈಯುತ್ತಿದ್ದ. ಕುಲುಮೆಯ ಹುಡುಗನಿಗೂ ಈಗ ಅಷ್ಟೇ ಬೈಗುಳ ಬೀಳುತ್ತಿತ್ತು. ಪಾಪ ಎನ್ನುವ ಮಾತು ನಿಂತದ್ದಕ್ಕೆ ಆ ಹುಡುಗ ಸ್ವಲ್ಪ ದಿನ ಮುನಿಸಿಕೊಂಡಿದ್ದ. ಪಾಲಾಕ್ಷ ಮಾತ್ರ ಆಟ ಮುಗಿದ ಮೇಲೆ ಗೆರೆಯ ಹತ್ತಿರ ಬಂದು ವಾದ ಮಾಡುತ್ತಿದ್ದ. ಇಬ್ಬರಿಗೂ ಆ ವಾದ ಆಟದಷ್ಟೇ ಬೇಕಾಗಿತ್ತು.

ಯುದ್ಧ ಮುಗಿದ ಮರುವರ್ಷ ಪಾಲಾಕ್ಷನ ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಆದರೆ ಕೈ ಮೊದಲಿನಂತೆ ಬಾಗಲಿಲ್ಲ. ರಂಗಸ್ವಾಮಿ ಅವನನ್ನು ಕೈಬಿಡಲಿಲ್ಲ. ಕಂಡಕ್ಟರ್ ಮಾಡಿ ಇಪ್ಪತ್ತೆರಡು ರೂಪಾಯಿಗೆ ಇಳಿಸಿದ. ಪಾಲಾಕ್ಷ ಊರಿನಲ್ಲೇ ಮನೆ ಮಾಡಿದ. ಮೈಸೂರಿನಿಂದ ತಾಯಿಯನ್ನು ಕರೆಸಿಕೊಂಡ. ಅವಳು ಚಕ್ರೇಶ್ವರಿಗೆ ರಂಗೋಲಿಯ ಹೊಸ ಬಗೆಗಳನ್ನು ಕಲಿಸಿದಳು. ಚಕ್ರೇಶ್ವರಿ ಅವಳಿಗೆ ಕಾಯಿಹಾಲಿನ ಪಾಯಸ ಕಲಿಸಿದಳು.

ಸ್ವಾತಂತ್ರ್ಯ ಬಂದ ಮರುವರ್ಷದ ಆಗಸ್ಟಿನಲ್ಲಿ ಕೆರೆಯ ಕೆಳಗಿನ ಬಯಲಿನಲ್ಲಿ ಹಳಬರಿಗೂ ಸ್ಕೂಲಿನ ಹುಡುಗರಿಗೂ ಒಂದು ಆಟ ಏರ್ಪಾಡಾಯಿತು. ಬಾಗದ ಮಣಿಕಟ್ಟಿನ ಪಾಲಾಕ್ಷ ಹಳಬರ ಗೋಲು ಕಾದ. ಪದ್ಮಯ್ಯನ ದನಿ ಆ ವೇಳೆಗೆ ಒಡೆಯತೊಡಗಿತ್ತು. ಆದರೂ ನಿಂತೇ ಇದ್ದ. ಹುಡುಗರು ಕಡೆಯ ಗಳಿಗೆಯಲ್ಲಿ ಒಂದು ಗೋಲು ಹೊಡೆದು ಗೆದ್ದರು. ಅದು ಆಫ್‌ಸೈಡು ಎಂದು ಪಾಲಾಕ್ಷ, ಅಲ್ಲವೇ ಅಲ್ಲ ಎಂದು ಪದ್ಮಯ್ಯ. ಚನ್ನಪ್ಪನನ್ನು ಕೇಳಿದರೆ, "ನಾನ್ ಎಲೆಗೆ ಸುಣ್ಣ ಅಚ್ತಿದ್ದೆ, ನೋಡ್ನಿಲ್ಲ," ಎಂದ. ಇಬ್ಬರೂ ಕೈಯಾಡಿಸುತ್ತ, ನಡುನಡುವೆ ನಿಂತು ದಾರಿಯ ಧೂಳಿನಲ್ಲಿ ಬೆರಳಿನಿಂದ ಗೆರೆ ಎಳೆದು ತೋರಿಸುತ್ತ, ಬಾಗೂರು ರಸ್ತೆಯ ತಿರುವಿನವರೆಗೂ ಜಗಳವಾಡುತ್ತ ಹೋದರು.